ಸ್ಕಿಜೋಫ್ರೀನಿಯಾ: ಯಾವ ಜನರ ಜೀನ್ ನೋಡಿದ್ದೇವೆ?

ಕೇಳುಗರಿಗೆ ನಮಸ್ಕಾರ.

ಮದುವೆ ಮಾತುಕತೆ ನಡೆಯುವಾಗ "ಹುಡುಗಿಯ ಅಣ್ಣನಿಗೆ ತಲೆ ಸರಿ ಇಲ್ಲವಂತೆ" ಅಂತ ಯಾರೋ ಕಿವಿಯಲ್ಲಿ ಊದಿದರೆ ಸಾಕು, ಸಂಬಂಧ ಮುರಿಯಿತು. ಸ್ಕಿಜೋಫ್ರೀನಿಯಾ ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವಂಥ ಮನೋರೋಗ. ಅದಕ್ಕೆ ವಂಶದ ನಂಟು ಇರುವುದು ನಿಜ. ಆದರೆ ಒಡಹುಟ್ಟಿದವರಿಗೆ ಅದು ಇದ್ದರೂ ಸುಮಾರು ಹತ್ತರಲ್ಲಿ ಒಂಬತ್ತು ಮಂದಿಗೆ ಬರುವುದಿಲ್ಲ. ತದ್ರೂಪಿ ಅವಳಿಗಳಲ್ಲೂ ಇಬ್ಬರಿಗೂ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ.

ಏಕೆಂದರೆ ಇದರ ಹಿಂದೆ ಒಂದೇ ಜೀನ್ ಇಲ್ಲ. 2022ರಲ್ಲಿ ಬಂದ ದೊಡ್ಡ ಅಧ್ಯಯನ 76,755 ರೋಗಿಗಳ ಡಿಎನ್‌ಎ ಜಾಲಾಡಿ, ಅದರಲ್ಲಿ ಈ ರೋಗದ ನಂಟಿರುವ 287 ಜಾಗಗಳನ್ನು ಗುರುತಿಸಿತು. ಒಂದೊಂದರ ಪಾಲೂ ಚೂರೇ ಚೂರು. ಆ ರೋಗಿಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು.

ಹಾಗಾದರೆ ಬೇರೆ ಜನರಲ್ಲಿ ಕಾರಣವೂ ಬೇರೆಯಾ? ಹಾಗೇನಿಲ್ಲ. 2019ರಲ್ಲಿ ಪೂರ್ವ ಏಷ್ಯಾದ 22,778 ರೋಗಿಗಳನ್ನು ಯುರೋಪಿನವರ ಜೊತೆ ಹೋಲಿಸಿದಾಗ, ರೋಗದ ಹಿಂದಿನ ಜೀನ್ ಕಾರಣಗಳ ಹೊಂದಿಕೆ 0.98 ಬಂತು. 1 ಅಂದರೆ ಪೂರ್ತಿ ಒಂದೇ. ಆದರೂ ಯುರೋಪಿನವರಲ್ಲಿ ಸಿಕ್ಕ ಜಾಗಗಳ ಪಟ್ಟಿ ಹಿಡಿದು ಆಫ್ರಿಕಾ ಮೂಲದವರ ಅಪಾಯ ಅಳೆಯಹೊರಟರೆ ಲೆಕ್ಕ ಕೈಕೊಡುತ್ತದೆ. ಪಟ್ಟಿಯಲ್ಲಿರುವುದು ಬಹುಪಾಲು ಬರೀ ಗುರುತುಗಳು. ನಿಜವಾದ ಕಾರಣ ಅವುಗಳ ಅಕ್ಕಪಕ್ಕ ಎಲ್ಲೋ ಇರುತ್ತದೆ. ಆ ನೆರೆಹೊರೆ ಒಂದೊಂದು ಮೂಲದ ಜನರಲ್ಲಿ ಒಂದೊಂದು ಥರ.

ನನಗೆ ತುಂಬ ಹಿಡಿಸಿದ್ದು ದಕ್ಷಿಣ ಆಫ್ರಿಕಾದ ಖೋಸಾ ಜನರ ಅಧ್ಯಯನ, 2020ರದ್ದು. ರೋಗಿಗಳು ಬರೀ 909 ಮಂದಿ, ಕಾಯಿಲೆ ಇಲ್ಲದವರು 917. ಅಷ್ಟರಲ್ಲೇ ವಿಷಯ ಸಿಕ್ಕಿತು. ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸುವ ಜಾಗದ ಜೀನ್‌ಗಳಲ್ಲಿ ಅಪರೂಪದ ಕೆಡುಕುಗಳು ರೋಗಿಗಳಲ್ಲೇ ಜಾಸ್ತಿ ಇದ್ದವು. ಮನುಷ್ಯಕುಲ ಹುಟ್ಟಿದ್ದೇ ಆಫ್ರಿಕಾದಲ್ಲಿ. ಅಲ್ಲಿಂದ ಹೊರಟವರು ಅಲ್ಲಿನ ವೈವಿಧ್ಯದ ಒಂದು ಪಾಲನ್ನಷ್ಟೇ ಒಯ್ದರು. ಅಂಥ ಖಂಡವನ್ನು ಬಿಟ್ಟು ಇಷ್ಟು ಕಾಲ ಬೇರೆ ಕಡೆಯೇ ಹುಡುಕಿದ್ದು ವಿಚಿತ್ರ, ಅಲ್ವಾ?

ಪಕ್ಕದ ತಮಿಳುನಾಡಿನಲ್ಲೂ ಹುಡುಕಾಟ ನಡೆದಿದೆ. 2019ರ ಆ ಅಧ್ಯಯನ ಬೊಟ್ಟು ಮಾಡಿದ್ದು 8ನೇ ಕ್ರೋಮೊಸೋಮಿನ ಒಂದು ಜಾಗವನ್ನು. ಅಲ್ಲಿರುವ ಜೀನ್, ನಯಾಸಿನ್ ಅಂದರೆ ಬಿ3 ವಿಟಮಿನ್ ಅನ್ನು ದೇಹ ಬಳಸಿಕೊಳ್ಳಲು ಬೇಕಾದದ್ದು. ಹಾಗಂತ ಸುಮ್ನೆ ಮೆಡಿಕಲ್ ಶಾಪಿಗೆ ಓಡಬೇಡಿ. ಅದು ಔಷಧಿಯ ಪರೀಕ್ಷೆ ಅಲ್ಲ. ಡಾಕ್ಟರು ಕೊಟ್ಟ ಮಾತ್ರೆಯನ್ನಂತೂ ಬಿಡಲೇಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ನವರು ಬೇರೆ ಸಂಸ್ಥೆಗಳ ಜೊತೆ ಸೇರಿ, ಒಂದೇ ಮನೆಯ ಹಲವರಿಗೆ ಮನೋರೋಗ ಬಂದ ಕುಟುಂಬಗಳನ್ನು ಗಮನಿಸುತ್ತಿದ್ದಾರೆ. ರಕ್ತದ ಕೋಶಗಳನ್ನು, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಾಗಿ ಬದಲಿಸಿ, ಅವುಗಳಿಂದ ನರಕೋಶ ಬೆಳೆಸಿ ನೋಡುತ್ತಾರೆ. ರೋಗ ಬಂದ ಅಣ್ಣನ ರಕ್ತ ಎಷ್ಟು ಮುಖ್ಯವೋ, ಬಾರದ ತಂಗಿಯ ರಕ್ತವೂ ಅಲ್ಲಿ ಅಷ್ಟೇ ಮುಖ್ಯ.

ನಮಸ್ಕಾರ.