ಗುಂಡಮ್ಮ ಈಗ ಗುಂಡಗಿಲ್ಲ

ಬೆಳಿಗ್ಗೆ 6:15. ವಿಡಿಯೋ ಮಬ್ಬಾಗಿದೆ, ಗೊತ್ತು. ಲೈಟ್ ಹಾಕಿದ್ರೆ ಇವಳು ಎದ್ದು ಹೋಗ್ತಾಳೆ. ಮಂಚದ ಕಾಲ ಹತ್ರ ಯಾರೋ ಹಳೇ ಶಾಲು ಸುತ್ತಿ ಇಟ್ಟ ಹಾಗೆ ಕಾಣ್ತಿದೆಯಲ್ಲ, ಅದೇ ನಮ್ಮ ಬೆಕ್ಕು ಗುಂಡಮ್ಮ. ಮರಿಯಾಗಿದ್ದಾಗ ಹೊಟ್ಟೆ ನೆಲ ಗುಡಿಸೋ ಹಾಗೆ ಓಡಾಡ್ತಿದ್ಲು ಅಂತ ಅಮ್ಮ ಇಟ್ಟ ಹೆಸರು. ಈಗ 15 ವರ್ಷ. ಮನುಷ್ಯರ ಲೆಕ್ಕದಲ್ಲಿ 75 ದಾಟಿದ ಅಜ್ಜಿ. ಬೆನ್ನ ಮೇಲೆ ಕೈಯಾಡಿಸಿದ್ರೆ ಮೂಳೆ ಒಂದೊಂದಾಗಿ ಕೈಗೆ ಸಿಗತ್ತೆ.

ಇದು ಮೂರು ವರ್ಷದ ಹಿಂದಿನ ಕ್ಲಿಪ್. ನೆಲದಿಂದ ಅಡುಗೆಕಟ್ಟೆ, ಕಟ್ಟೆಯಿಂದ ಫ್ರಿಜ್ ಮೇಲೆ. ಎರಡೇ ನೆಗೆತ. ಮುಂದಿನದು ಕಳೆದ ಚಳಿಗಾಲದ್ದು, ಅದೇ ಕಟ್ಟೆ. ಮೇಲೆ ನೋಡ್ತಾಳೆ, ಹಿಂಗಾಲು ಸರಿ ಮಾಡ್ಕೋತಾಳೆ, ಮತ್ತೆ ನೋಡ್ತಾಳೆ. ಆಮೇಲೆ ತಾನು ಬಂದಿದ್ದೇ ಇದಕ್ಕೆ ಅನ್ನೋ ಹಾಗೆ ಅಲ್ಲೇ ಕೂತು ಪಂಜ ನೆಕ್ಕೋಕೆ ಶುರು. ಹಿಂದೆ ಕೇಳಿಸ್ತಿರೋ ನಗು ನಂದು. ಎಡಿಟ್ ಮಾಡುವಾಗ ಆ ಆಡಿಯೋ ತೆಗೀಬೇಕು ಅಂದ್ಕೊಂಡೆ. ತೆಗೀಲಿಲ್ಲ.

ವಯಸ್ಸಾಯ್ತು, ಬುದ್ಧಿ ಬಂದಿದೆ ಅಂತ ಮನೇಲೆಲ್ಲ ಮಾತಾಡ್ಕೋತಿದ್ವಿ. ಬುದ್ಧಿ ಎಲ್ಲಿಂದ ಬರಬೇಕು, ಅವಳಿಗೆ ಕೀಲು ನೋವು. 12 ವರ್ಷ ದಾಟಿದ ಬೆಕ್ಕುಗಳ ಎಕ್ಸ್‌ರೇ ತೆಗೆದ್ರೆ ಹೆಚ್ಚಿನವುಗಳಲ್ಲಿ ಕೀಲು ಸವೆದಿರೋದು ಕಾಣತ್ತಂತೆ. ಆದ್ರೆ ಎಷ್ಟೋ ಬೆಕ್ಕುಗಳು ಕುಂಟೋದೂ ಇಲ್ಲ, ನರಳೋದೂ ಇಲ್ಲ, ಸದ್ದಿಲ್ಲದೆ ನೆಗೆಯೋದನ್ನ ಬಿಟ್ಟುಬಿಡ್ತವೆ. ಮೈ ತಿರುಗಿಸಿ ನೆಕ್ಕಕ್ಕಾಗದೆ ಸೊಂಟದ ಹತ್ರ ಕೂದಲು ಗಂಟು ಕಟ್ಟತ್ತೆ. ಅದನ್ನ ನೋಡಿ ನಾನು ಅವಳನ್ನ ಸೋಮಾರಿ ಅಂತ ಬೈದಿದ್ದೆ.

ಈಗ ಮನೆ ಅವಳ ಎತ್ತರಕ್ಕೆ ಇಳಿದಿದೆ. ಸೋಫಾ ಮುಂದೆ ಮಣೆ. ಅವಳು ಉಚ್ಚೆ-ಕಕ್ಕ ಮಾಡೋ, ಮಣ್ಣು ತುಂಬಿದ ಟ್ರೇಯ ಒಂದು ಅಂಚು ಕತ್ತರಿಸಿ ತಗ್ಗು ಮಾಡಿದೀನಿ, ಕಾಲು ಎತ್ತಿ ದಾಟೋ ಕಷ್ಟ ಇರಬಾರದು. ಊಟ ಉಗುರುಬೆಚ್ಚಗಿರಬೇಕು; ವಾಸನೆ ಏಳದ ಊಟದ ಕಡೆ ಮುದುಕಿ ತಿರುಗಿಯೂ ನೋಡಲ್ಲ. ಎರಡು ವಾರಕ್ಕೊಮ್ಮೆ ಉಗುರು ಕತ್ತರಿಸ್ಬೇಕು. ವಯಸ್ಸಾದ ಬೆಕ್ಕಿನ ಉಗುರು ದಪ್ಪ ಆಗತ್ತೆ, ಬಿಟ್ರೆ ಬಾಗಿ ಅಂಗಾಲಿಗೇ ಚುಚ್ಕೊಳ್ಳತ್ತೆ. ಅಮ್ಮ ಟವೆಲಲ್ಲಿ ಸುತ್ತಿ ಹಿಡ್ಕೋತಾರೆ, ನಾನು ಕತ್ತರಿಸ್ತೀನಿ, ಗುಂಡಮ್ಮ ಇಬ್ಬರಿಗೂ ಶಾಪ ಹಾಕ್ತಾಳೆ.

ನೀರಿನ ಬಟ್ಟಲಲ್ಲಿ ಒಂದು ಗೆರೆ ಕಾಣ್ತಿದೆಯಾ? ಎಷ್ಟು ಕುಡೀತಾಳೆ ಅಂತ ಗೊತ್ತಾಗ್ಲಿ ಅಂತ ನಾನು ಎಳೆದಿದ್ದು. ನೀರು ಬೇಗ ಬೇಗ ಖಾಲಿ ಆಗ್ತಿತ್ತು, ಸೆಕೆಗೆ ಇರ್ಬೇಕು ಅಂದ್ಕೊಂಡಿದ್ವಿ. ಡಾಕ್ಟರ್ ರಕ್ತ, ಮೂತ್ರ, ಬಿಪಿ ಎಲ್ಲ ನೋಡಿ ಕಿಡ್ನಿ ಸೋತಿದೆ ಅಂದ್ರು. ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಕಾಪಾಡ್ಕೋಬಹುದು. ಇನ್ನೊಂದು ಮಾತು, ಇದನ್ನ ಮಾತ್ರ ಓಡಿಸ್ಕೊಂಡು ನೋಡ್ಬೇಡಿ: ನೋವು ಅಂತ ನಮ್ಮ ಪ್ಯಾರಸಿಟಮಾಲ್ ಬೆಕ್ಕಿಗೆ ಕೊಡಬೇಡಿ. ಅರ್ಧ ಮಾತ್ರೆಯೂ ಬೇಡ. ಅದು ಬೆಕ್ಕಿಗೆ ವಿಷ.

ರಾತ್ರಿ ಎರಡು ಗಂಟೆಗೆ ಹಾಲ್ ಮಧ್ಯೆ ನಿಂತು ಕೂಗ್ತಾಳೆ. ದಾರಿ ತಪ್ಪಿದವರು ಕರೆಯೋ ಥರದ ಕೂಗು. "ಗುಂಡಮ್ಮಾ, ಇಲ್ಲೇ ಇದೀನಿ ಕಣೇ" ಅಂತೀನಿ. ಬೆಕ್ಕಿಗೆ ತನ್ನ ಹೆಸರು ಗೊತ್ತಾಗತ್ತೆ ಅಂತ ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದ್ರು. ಗೊತ್ತಿದ್ದೂ ತಿರುಗದೇ ಇರೋದು ಇವಳ ಹುಟ್ಟುಗುಣ. ಈಗಿನ ಕಷ್ಟ ಏನಂದ್ರೆ, ಕಿವಿ ಕೇಳಿಸ್ಲಿಲ್ವೋ ಬೇಕಂತಲೇ ಸುಮ್ಮನಿದ್ದಾಳೋ ಅಂತ ಹೇಳೋಕಾಗಲ್ಲ. ಎದ್ದು ಹೋಗಿ ಪಕ್ಕದಲ್ಲಿ ಕೂತ್ಕೋತೀನಿ. ಕೂಗು ನಿಲ್ಲತ್ತೆ.

ಈಗ ಹೊರಗೆ, ಬೀದಿ ಬೆಕ್ಕುಗಳ ಹತ್ರ ಬನ್ನಿ. ಕಾಂಪೌಂಡ್ ಮೇಲೆ ಕೂತಿರೋ ಮೂರು ಬಣ್ಣದವಳು ರಂಗಿ. ಈ ಬಣ್ಣದ್ದು ಹೆಚ್ಚುಕಮ್ಮಿ ಯಾವಾಗ್ಲೂ ಹೆಣ್ಣೇ. ಪಕ್ಕದಲ್ಲಿ ಮೊಂಡ. ಎಡಗಿವಿ ತುದಿ ಮೊಂಡಾಗಿದೆ ನೋಡಿ, ಸ್ವಭಾವವೂ ಹಾಗೇ ಇರೋದ್ರಿಂದ ಬೇರೆ ಹೆಸರು ಹುಡುಕೋ ಕೆಲಸ ಬೀಳಲಿಲ್ಲ. ಜಗಳದಲ್ಲಿ ಹರಿದಿದ್ದು ಅಂದ್ಕೋಬೇಡಿ, ಮಕ್ಕಳಾಗದ ಹಾಗೆ ಆಪರೇಷನ್ ಮಾಡುವಾಗ, ಎಚ್ಚರ ಇಲ್ಲದಿದ್ದಾಗಲೇ ಗುರುತಿಗೆ ಕತ್ತರಿಸಿದ್ದು. ಮತ್ತೆ ಅವನನ್ನ ಹಿಡ್ಕೊಂಡು ಹೋಗಬಾರದಲ್ಲ.

ಮೊಂಡ ಮುಟ್ಟಿಸ್ಕೊಳ್ಳಲ್ಲ. ಎರಡು ಮಾರು ದೂರದಲ್ಲಿ ಕೂತು ನಾನು ಕಣ್ಣನ್ನ ನಿಧಾನಕ್ಕೆ ಮುಚ್ಚಿ ತೆರೀತೀನಿ, ಮನಸ್ಸಿದ್ರೆ ಅವನೂ ಮುಚ್ಚಿ ತೆರೀತಾನೆ. ನಮ್ಮ ನಂಟು ಅಷ್ಟೇ. ಅವನ ವಯಸ್ಸು ಗೊತ್ತಿಲ್ಲ. ಗುಂಡಮ್ಮನಿಗೆ ಕಿಡ್ನಿ ಚಿಂತೆ ಮಾಡ್ತೀನಿ, ಇವನಿಗೆ ನಾಳೆ ಬರ್ತಾನೋ ಇಲ್ವೋ ಅನ್ನೋದು. ಕಳೆದ ತಿಂಗಳು ನಾಲ್ಕು ದಿನ ಬರಲಿಲ್ಲ. ಬಂದಾಗ ಅವನಿಗಿಂತ ಮೊದಲು ಅಮ್ಮನೇ ಕೂಗಿದ್ದು.

ಮೊದಲೆಲ್ಲ ಅವನ ನೆರಳು ಕಂಡ್ರೂ ಗುಂಡಮ್ಮ ಬಾಲ ಉಬ್ಬಿಸಿ ಬುಸುಗುಡ್ತಿದ್ಲು. ಇವತ್ತಿನ ದೃಶ್ಯ ನೋಡಿ. ಕಿಟಕಿ ಜಾಲರಿಯ ಆಚೆ ಅವನು, ಈಚೆ ಇವಳು. ಸ್ನೇಹ ಅಂತ ನಾನು ಹೇಳಲ್ಲ. ಬೆಳಗಿನ ಬಿಸಿಲು ಆ ಕಿಟಕಿಗೆ ಮಾತ್ರ ಬೀಳತ್ತೆ, ಅಷ್ಟೇ ಇರಬಹುದು.

ಈಗ ಮಣೆಯಿಂದ ಇಳಿದು ನನ್ನ ಕಡೆ ಬರ್ತಿದ್ದಾಳೆ. ಚಿತ್ರ ಅಲ್ಲಾಡ್ತಿದೆ ಅಲ್ವಾ? ಟ್ರೈಪಾಡ್ ಕಾಲಿಗೆ ಕೆನ್ನೆ ಉಜ್ತಾ ಇದ್ದಾಳೆ. ಇರಿ, ಬೀಳ್ಸೇ ಬೀಳಿಸ್ತಾಳೆ...