ಬ್ಯಾಕ್ಟೀರಿಯಾ ಒಗ್ಗಿಕೊಳ್ಳುತ್ತದೆಯೇ?

ಬ್ಯಾಕ್ಟೀರಿಯಾಗಳು ಔಷಧಿಗೆ ಒಗ್ಗಿಕೊಂಡಿವೆ ಎಂದು ನಾನೂ ಬಹಳ ಕಾಲ ಹೇಳುತ್ತಿದ್ದೆ. ಈಗ ಆ ಮಾತು ಬಾಯಿಗೆ ಬಂದರೂ ತಡೆಯುತ್ತೇನೆ. ಒಗ್ಗಿಕೊಳ್ಳುವುದೆಂದರೆ ಕಷ್ಟ ಎದುರಾದ ಮೇಲೆ ಜೀವಿಯು ತನ್ನನ್ನು ತಿದ್ದಿಕೊಳ್ಳುವುದು. ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಾಗುವ ಉತ್ಪರಿವರ್ತನೆ, ಅಂದರೆ ಆಕಸ್ಮಿಕ ಬದಲಾವಣೆ, ಮಾತ್ರ ಯಾವ ಕಷ್ಟವನ್ನೂ ನೋಡಿ ಆಗುವುದಿಲ್ಲ.

1943ರಲ್ಲಿ ವಿಜ್ಞಾನಿಗಳಾದ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಇದನ್ನು ತೋರಿಸಿಕೊಟ್ಟ ಬಗೆಯನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಅವರು ಇ. ಕೋಲಿ ಬ್ಯಾಕ್ಟೀರಿಯಾವನ್ನು ಹಲವು ಪ್ರನಾಳಗಳಲ್ಲಿ ಬೇರೆ ಬೇರೆಯಾಗಿ ಬೆಳೆಸಿ, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್ ಇದ್ದ ತಟ್ಟೆಗಳ ಮೇಲೆ ಹರಡಿ, ಬದುಕುಳಿದ ಕಾಲೊನಿಗಳನ್ನು (ಒಂದೊಂದು ಜೀವಕೋಶದಿಂದ ಬೆಳೆದ ಗುಂಪುಗಳನ್ನು) ಎಣಿಸಿದರು. ವೈರಸ್ಸಿನ ಸಂಪರ್ಕದಿಂದಲೇ ನಿರೋಧಕತೆ ಹುಟ್ಟುವುದಾಗಿದ್ದರೆ ಎಲ್ಲ ತಟ್ಟೆಗಳಲ್ಲೂ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿರಬೇಕಿತ್ತು. ಆದರೆ ಎಷ್ಟೋ ತಟ್ಟೆಗಳಲ್ಲಿ ಒಂದೂ ಕಾಲೊನಿ ಇರಲಿಲ್ಲ, ಅಪರೂಪಕ್ಕೆ ಒಂದರಲ್ಲಿ ನೂರಕ್ಕೂ ಹೆಚ್ಚು. ಆ ಪ್ರನಾಳದಲ್ಲಿ ವೈರಸ್ಸಿನ ಸುಳಿವೇ ಇಲ್ಲದ ಹೊತ್ತಿನಲ್ಲಿ, ಬೆಳವಣಿಗೆಯ ಆರಂಭದಲ್ಲೇ ಒಂದು ಜೀವಕೋಶ ಬದಲಾಗಿ, ತನ್ನಂಥ ಸಂತತಿಯನ್ನು ಬೆಳೆಸಿಟ್ಟಿತ್ತು.

ನಿರೋಧಕತೆಯ ವಂಶವಾಹಿಯನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ತುಣುಕಿನ ಮೂಲಕ ಪಕ್ಕದ ಜೀವಕೋಶದಿಂದ ಪಡೆಯುವ ದಾರಿಯೂ ಇದೆ. ಅಲ್ಲಿಯೂ ಆ ವಂಶವಾಹಿ ಬೇರೊಂದು ಜೀವಕೋಶದಲ್ಲಿ ಮೊದಲೇ ಇರಬೇಕು.

ಇನ್ನೊಂದು ಪ್ರಯೋಗ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. 1988ರಲ್ಲಿ ಜೀವವಿಜ್ಞಾನಿ ರಿಚರ್ಡ್ ಲೆನ್‌ಸ್ಕಿ ಇ. ಕೋಲಿಯ 12 ಸಮುದಾಯಗಳನ್ನು ಬೆಳೆಸತೊಡಗಿದರು: ದಿನವೂ ಪ್ರತಿಯೊಂದರ ನೂರನೆಯ ಒಂದು ಭಾಗ ಹೊಸ ದ್ರಾವಣಕ್ಕೆ, ಪ್ರತಿ 500 ಪೀಳಿಗೆಗೊಮ್ಮೆ ಒಂದಿಷ್ಟು ಶೀತಲ ಪೆಟ್ಟಿಗೆಗೆ. ಹೆಪ್ಪುಗಟ್ಟಿದ ಈ ಪೂರ್ವಜರನ್ನು ಬೇಕೆಂದಾಗ ಮತ್ತೆ ಬದುಕಿಸಬಹುದು. ಆ ದ್ರಾವಣದಲ್ಲಿ ಅವುಗಳ ಆಹಾರವಾದ ಗ್ಲೂಕೋಸ್ ಕಡಿಮೆ, ಆಹಾರವಾಗಬಲ್ಲ ಇನ್ನೊಂದು ವಸ್ತು ಸಿಟ್ರೇಟ್ ಧಾರಾಳ. ಆದರೆ ಆಮ್ಲಜನಕ ಇರುವಲ್ಲಿ ಇ. ಕೋಲಿ ಸಿಟ್ರೇಟನ್ನು ಒಳಗೆ ತೆಗೆದುಕೊಳ್ಳಲಾರದು. ಸುಮಾರು 31,500ನೇ ಪೀಳಿಗೆಯ ಹೊತ್ತಿಗೆ ಒಂದೇ ಒಂದು ಸಮುದಾಯಕ್ಕೆ ಅದು ಸಾಧ್ಯವಾಯಿತು. ಅಲ್ಲಿ ಹೊಸ ವಂಶವಾಹಿಯೇನೂ ಹುಟ್ಟಿರಲಿಲ್ಲ. ಸಿಟ್ರೇಟನ್ನು ಒಳಗೆ ಸಾಗಿಸುವ ಹಳೆಯ ವಂಶವಾಹಿಯ ನಕಲೊಂದು, ಆಮ್ಲಜನಕವಿದ್ದಾಗಲೂ ಚಾಲೂ ಆಗಿರುವ ಡಿಎನ್‌ಎ ಸ್ವಿಚ್ಚಿನ ಪಕ್ಕಕ್ಕೆ ಬಂದು ಕುಳಿತಿತ್ತು.

ಇದು ಬರಿಯ ಅದೃಷ್ಟವೇ ಎಂದು ತಿಳಿಯಲು ತಂಡವು ಬೇರೆ ಬೇರೆ ಕಾಲದ ಪೂರ್ವಜರನ್ನು ಎಬ್ಬಿಸಿ ಮತ್ತೆ ಬೆಳೆಸಿತು. ಮೊಟ್ಟಮೊದಲ ಪೂರ್ವಜನಿಂದ ಆ ಶಕ್ತಿ ಒಮ್ಮೆಯೂ ಹುಟ್ಟಲಿಲ್ಲ; 20,000ನೇ ಪೀಳಿಗೆ ಮತ್ತು ಅದರ ನಂತರದ ಕೆಲವು ಜೀವಕೋಶಗಳಿಂದ ಮಾತ್ರ ಮತ್ತೆ ಹುಟ್ಟಿತು. ಅಷ್ಟರೊಳಗೆ ಅವುಗಳಲ್ಲಿ ಸೇರಿದ್ದ ಬೇರೆ ಉತ್ಪರಿವರ್ತನೆಗಳು, ಸಿಟ್ರೇಟಿನ ಗೊಡವೆಯೇ ಇಲ್ಲದೆ, ಆ ದಾರಿಯನ್ನು ಸಿದ್ಧಮಾಡಿದ್ದವು.