ಪಾಸಾದ ಮಗುವಿಗೆ ಏನು ಕೊಡೋಣ, ಎಷ್ಟರದ್ದು ಕೊಡೋಣ?

(ತುಮಕೂರಿನಲ್ಲಿ ಕೊನೆ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪೋಷಕರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಮಕ್ಕಳ ಎಂಟನೇ ಸೆಮಿಸ್ಟರ್ ಮುಗಿಯುತ್ತಾ ಬಂತು. ಇನ್ನು ಸ್ವಲ್ಪ ದಿನಕ್ಕೆ ಗ್ರಾಜುಯೇಷನ್ ಡೇ. ಕಪ್ಪು ಗೌನು, ಟೋಪಿ, ಫೋಟೊ ಎಲ್ಲ ಇರುತ್ತದೆ. ಅದರ ಜೊತೆಗೇ ಮನೆಯಲ್ಲಿ ಇನ್ನೊಂದು ಮಾತು ಶುರುವಾಗಿರುತ್ತದೆ. ಮಗುವಿಗೆ ಏನು ಕೊಡಿಸೋಣ? ಕೆಲವು ಮನೆಗಳಲ್ಲಿ ಮಕ್ಕಳೇ ಕೇಳುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಮಕ್ಕಳು ಬಾಯಿ ಬಿಡುವುದಿಲ್ಲ, ಅಪ್ಪ ಅಮ್ಮನೇ ರಾತ್ರಿ ದೀಪ ಆರಿಸಿದ ಮೇಲೆ ಪಿಸುಮಾತಿನಲ್ಲಿ ಲೆಕ್ಕ ಹಾಕುತ್ತಾರೆ.

ನಾನು ಬ್ಯಾಂಕಿನಲ್ಲಿ ಹೆಚ್ಚು ಕಾಲ ಸಾಲದ ವಿಭಾಗದಲ್ಲಿ ಇದ್ದವಳು. ಆ ಪಿಸುಮಾತಿನ ಲೆಕ್ಕ ಮರುದಿನ ಬೆಳಿಗ್ಗೆ ನನ್ನ ಟೇಬಲ್ಲಿಗೆ ಬರುತ್ತಿತ್ತು. ಅದಕ್ಕೇ ಈ ವಿಷಯ ಮಾತಾಡಬೇಕು ಅನ್ನಿಸಿತು.

ಮೊದಲು ನನ್ನ ಅಪ್ಪನ ಕಥೆ ಹೇಳುತ್ತೇನೆ. ಅವರು ಪ್ರೈಮರಿ ಶಾಲೆಯ ಮೇಷ್ಟ್ರು. 1986ರಲ್ಲಿ ನಾನು ಬಿಕಾಂ ಪಾಸಾದಾಗ ಒಂದು ಎಚ್‌ಎಂಟಿ ವಾಚ್ ತಂದು ಕೊಟ್ಟರು. ನಿಮ್ಮಲ್ಲಿ ಎಷ್ಟೋ ಜನರಿಗೆ ಹೀಗೇ ಸಿಕ್ಕಿರುತ್ತದೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ವಾಚ್ ಮಾಡಲು ಶುರು ಮಾಡಿತು. ಆಮೇಲೆ ನಮ್ಮ ತುಮಕೂರಿಗೂ ಒಂದು ಕಾರ್ಖಾನೆ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಆದರೆ ಎರಡು ತಲೆಮಾರಿಗೆ 'ಪಾಸಾದರೆ ವಾಚ್' ಅನ್ನುವುದು ಮನೆಮಾತಾಗಿತ್ತು.

ನನಗೆ ವಾಚಿಗಿಂತ ಜಾಸ್ತಿ ನೆನಪಿರುವುದು ಅಪ್ಪ ಅದನ್ನು ಕೊಟ್ಟ ರೀತಿ. ಪೋಸ್ಟ್ ಆಫೀಸಿನ ಪಾಸ್‌ಬುಕ್ ತೆಗೆದು ನನ್ನ ಮುಂದೆ ಇಟ್ಟರು. ನಾನು ಕಾಲೇಜಿಗೆ ಸೇರಿದ ತಿಂಗಳಿಂದ ಸ್ವಲ್ಪ ಸ್ವಲ್ಪ ಕಟ್ಟಿಕೊಂಡು ಬಂದಿದ್ದರು. 'ನೋಡು ಪುಟ್ಟಿ, ವಾಚಿಗೆ ಇಷ್ಟು ತೆಗೆದಿದ್ದೇನೆ. ಉಳಿದದ್ದು ನಿನ್ನ ಬ್ಯಾಂಕ್ ಪರೀಕ್ಷೆಯ ಫೀಜಿಗೆ, ಬಸ್ ಚಾರ್ಜಿಗೆ' ಅಂದರು. ಆ ದಿನ ಮನೆಯ ದುಡ್ಡಿನ ವಿಷಯ ಮೊದಲ ಸಲ ನನಗೆ ಹೇಳಿದರು. ನಾನು ದೊಡ್ಡವಳಾದೆ ಅಂತ ನನಗೆ ಗೊತ್ತಾಗಿದ್ದು ಆವತ್ತು.

ಈಗ ನನ್ನ ಟೇಬಲ್ಲಿನ ಕಥೆ. ಒಬ್ಬ ತಾಯಿ ಎರಡು ಬಳೆ ತಂದು ಅಡ ಇಟ್ಟರು. ಯಾಕಮ್ಮ ಅಂದೆ. ಮಗ ಪಾಸಾದ, ಬೈಕ್ ಕೊಡಿಸಬೇಕು, ಅವನ ಸ್ನೇಹಿತರಿಗೆಲ್ಲ ಇದೆ ಅಂದರು. ಮೂರು ತಿಂಗಳಿಗೆ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಪಿಜಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಇಲ್ಲ, ಆಫೀಸಿಗೆ ಮೆಟ್ರೋದಲ್ಲಿ ಹೋಗುತ್ತಾನೆ. ಬೈಕು ಊರಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿತು. ಬಳೆ ನಮ್ಮ ಲಾಕರಿನಲ್ಲಿ ಉಳಿಯಿತು. ಆ ತಾಯಿ ವರ್ಷಕ್ಕೊಮ್ಮೆ ಬಂದು ಬಡ್ಡಿ ಕಟ್ಟಿ ಸಾಲ ಮುಂದುವರಿಸಿಕೊಂಡು ಹೋಗುತ್ತಿದ್ದರು. ಹುಡುಗನಿಗೆ ಬಳೆಯ ವಿಷಯ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ. ಬ್ಯಾಂಕಿಗೇ ಬಂದ. 'ಮೇಡಂ, ನಾನು ಬೈಕ್ ಕೇಳಿರಲೇ ಇಲ್ಲ' ಅಂದ. ಅವನ ಕಣ್ಣು ತುಂಬಿತ್ತು. ನನಗೂ ಸಂಕಟವಾಯಿತು.

ಅಮ್ಮನದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಷ್ಟು ಪ್ರೀತಿ ಇತ್ತು. ಆದರೆ ಒಂದು ಸಲ ಮಗನ ಹತ್ತಿರ ಕೂತು ಮಾತಾಡಿದ್ದರೆ ಆ ಬಳೆ ಕೈಯಲ್ಲೇ ಇರುತ್ತಿತ್ತು, ಅಲ್ವಾ?

ಸರಿ, ಲೆಕ್ಕಕ್ಕೆ ಬರೋಣ. ಬೈಕಿಗೆ 1 ಲಕ್ಷ ಸಾಲ ಮಾಡಿದಿರಿ ಅಂತ ಇಟ್ಟುಕೊಳ್ಳಿ. ಶೇಕಡ 12 ಬಡ್ಡಿ, 3 ವರ್ಷ. ತಿಂಗಳ ಕಂತು ಸುಮಾರು 3,320 ರೂಪಾಯಿ. ಒಟ್ಟು ಕಟ್ಟುವುದು ಹತ್ತಿರ ಹತ್ತಿರ 1 ಲಕ್ಷದ 20 ಸಾವಿರ. ಪೆಟ್ರೋಲು, ಸರ್ವಿಸು, ಇನ್ಶೂರೆನ್ಸ್ ಬೇರೆ.

ಈಗ ಇನ್ನೊಂದು ಲೆಕ್ಕ. ನಿಮ್ಮಲ್ಲಿ ತುಂಬಾ ಜನ ಓದಿಗೆ ಎಜುಕೇಷನ್ ಲೋನ್ ತೆಗೆದಿದ್ದೀರಿ. ಕೋರ್ಸ್ ಮುಗಿದ ಮೇಲೂ ಸಾಮಾನ್ಯವಾಗಿ ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ. ಅದಕ್ಕೆ ಎಲ್ಲರೂ ಆರಾಮಾಗಿ ಇರುತ್ತಾರೆ. ಆದರೆ ಬಡ್ಡಿ ಸುಮ್ನೆ ಕೂತಿರುವುದಿಲ್ಲ. ಅಷ್ಟೂ ದಿನ ಏರುತ್ತಲೇ ಇರುತ್ತದೆ. ಕಂತು ಶುರುವಾಗುವಾಗ ಆ ಬಡ್ಡಿಯೂ ಅಸಲಿಗೆ ಸೇರುತ್ತದೆ. 4 ಲಕ್ಷ ಸಾಲಕ್ಕೆ ಶೇಕಡ 10ರಂತೆ ವರ್ಷಕ್ಕೆ 40 ಸಾವಿರ. ತಿಂಗಳಿಗೆ ಎಷ್ಟಾಯಿತು? 3,333 ರೂಪಾಯಿ.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಬೈಕಿನ ಕಂತಿಗೆ ಹೋಗುವ ದುಡ್ಡಿನಲ್ಲೇ ಮಗುವಿನ ಓದಿನ ಸಾಲದ ಬಡ್ಡಿ ತೀರುತ್ತದೆ. ಕೆಲಸ ಹುಡುಕುವ ಆ ಒಂದು ವರ್ಷ ನೀವು ಬಡ್ಡಿ ಕಟ್ಟಿದರೆ ಆಮೇಲೆ ಅವರ ಸಂಬಳದಿಂದ ಹೋಗುವ ಕಂತು ಕಡಿಮೆ ಆಗುತ್ತದೆ. ಇದಕ್ಕೆ ರಿಬ್ಬನ್ ಕಟ್ಟಲು ಆಗುವುದಿಲ್ಲ, ನಿಜ. ಆದರೂ ಇದನ್ನು ಗಿಫ್ಟ್ ಅಂತಲೇ ಹೇಳಿ ಕೊಡಿ. ಮಕ್ಕಳಿಗೆ ಖಂಡಿತ ಅರ್ಥವಾಗುತ್ತದೆ.

'ಜೀರೋ ಇಂಟರೆಸ್ಟ್ ಇಎಂಐ ಇದೆ ಮೇಡಂ' ಅಂತ ಕೆಲವರು ಹೇಳುತ್ತಾರೆ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆ ಬಡ್ಡಿ ಬೆಲೆಯಲ್ಲೋ ಪ್ರೊಸೆಸಿಂಗ್ ಫೀಜಿನಲ್ಲೋ ಎಲ್ಲೋ ಒಂದು ಕಡೆ ಸೇರಿರುತ್ತದೆ. ಅಂಗಡಿಯಲ್ಲಿ ಒಂದೇ ಸಲ ದುಡ್ಡು ಕೊಟ್ಟರೆ ಎಷ್ಟು ಕಡಿಮೆ ಮಾಡ್ತೀರಿ ಅಂತ ಕೇಳಿ, ಗೊತ್ತಾಗುತ್ತದೆ.

ಹಾಗಾದರೆ ಎಷ್ಟು ಖರ್ಚು ಮಾಡಬಹುದು? ನಾನು ಸಂಬಳ ಕೇಳುವುದಿಲ್ಲ, ತಿಂಗಳ ಕೊನೆಗೆ ಎಷ್ಟು ಉಳಿಯುತ್ತದೆ ಅಂತ ಕೇಳುತ್ತೇನೆ. 45 ಸಾವಿರ ಬರುವ ಮನೆಯಲ್ಲಿ 6 ಸಾವಿರ ಉಳಿದರೆ, ಎರಡು ತಿಂಗಳ ಉಳಿತಾಯ, ಅಂದರೆ 12 ಸಾವಿರ, ಗಿಫ್ಟಿಗೆ ಸಾಕು ಅಂತ ನನ್ನ ಅಭಿಪ್ರಾಯ. ಇದು ಯಾವ ಪುಸ್ತಕದಲ್ಲೂ ಇಲ್ಲ. ಎಷ್ಟೋ ಮನೆಗಳ ಲೆಕ್ಕ ನೋಡಿ ನಾನು ಕಂಡುಕೊಂಡಿದ್ದು. ಯಾಕೆ ಇಷ್ಟು ಬಿಗಿ ಅಂದರೆ ಮುಂದಿನ ವರ್ಷದ ಖರ್ಚು ಕಣ್ಣಿಗೆ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಪಿಜಿ ಅಡ್ವಾನ್ಸ್, ಮೊದಲ ಸಂಬಳ ಬರುವ ತನಕ ಊಟ, ಇಂಟರ್‌ವ್ಯೂಗೆ ಓಡಾಟ, ಇಲ್ಲದಿದ್ದರೆ ಎಂಟೆಕ್‌ಗೆ ಕೋಚಿಂಗ್. ಇವೆಲ್ಲ ನೀವೇ ಕೊಡಬೇಕು. ಕೆಲಸಕ್ಕೆ ಲ್ಯಾಪ್‌ಟಾಪ್ ಬೇಕೇ ಬೇಕು ಅಂದರೆ ಅದು ಓದಿನ ಖರ್ಚು, ಅದನ್ನು ಗಿಫ್ಟಿನ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನೊಂದು ಮಾತು ನನ್ನನ್ನು ತುಂಬಾ ಕಾಡಿದೆ. ಗಂಡು ಮಗ ಪಾಸಾದರೆ ಬೈಕು. ಹೆಣ್ಣು ಮಗಳು ಪಾಸಾದರೆ 'ಆ ದುಡ್ಡು ಮದುವೆಗೆ ಇಡೋಣ, ಒಂದು ಸರ ಮಾಡಿಸೋಣ'. ಒಂದೇ ಮನೆಯಲ್ಲಿ ಅಣ್ಣನಿಗೂ ತಂಗಿಗೂ ಹೀಗೆ ಮಾಡಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವಳೂ ಅದೇ ನಾಲ್ಕು ವರ್ಷ ಓದಿದ್ದಾಳೆ. ಅವಳ ಓದಿನ ಗಿಫ್ಟ್ ಅವಳ ಓದಿಗೇ ಸಲ್ಲಬೇಕು. ದೊಡ್ಡವನಿಗೆ ಕೊಡುವ ಮುಂಚೆಯೇ ಚಿಕ್ಕವಳಿಗೂ ಇಷ್ಟೇ ಕೊಡಲು ಆಗುತ್ತದಾ ಅಂತ ನೋಡಿ. ಆಗುವುದಿಲ್ಲ ಅಂದರೆ ದೊಡ್ಡವನದ್ದನ್ನೇ ಕಡಿಮೆ ಮಾಡಿ. ಅಂಕ ನೋಡಿ ಕೂಡ ಅಳೆಯಬೇಡಿ. ಎರಡು ಸಬ್ಜೆಕ್ಟ್ ಹೋಗಿ ಮತ್ತೆ ಕಟ್ಟಿ ಪಾಸಾದ ಹುಡುಗ ಅನುಭವಿಸಿದ್ದು ಕಡಿಮೆ ಏನಲ್ಲ.

ಈಗ ಒಳಗೆ ಬರುವ ಮುಂಚೆ ಒಬ್ಬ ತಾಯಿ ನನ್ನ ಕೈ ಹಿಡಿದು ಕೇಳಿದರು. 'ಅಕ್ಕಾ, ಎಲ್ಲ ಸೇರಿಸಿದರೂ ನನ್ನ ಹತ್ತಿರ ಇರೋದು ಐದು ಸಾವಿರ. ಅಷ್ಟರಲ್ಲಿ ಮಗಳಿಗೆ ಏನು ಕೊಡಿಸಲಿ?' ಆಗ ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ, ಕಾರ್ಯಕ್ರಮ ಶುರುವಾಯಿತು. ಈಗ ಹೇಳುತ್ತೇನಮ್ಮ. ಇಂಟರ್‌ವ್ಯೂಗೆ ಹಾಕಲು ಒಂದು ಜೊತೆ ಒಳ್ಳೆಯ ಬಟ್ಟೆ, ಒಂದು ಜೊತೆ ಗಟ್ಟಿ ಚಪ್ಪಲಿ ತೆಗೆದುಕೊಡಿ. ಅಂಗಡಿಗೆ ಅವಳನ್ನೂ ಕರೆದುಕೊಂಡು ಹೋಗಿ. ಉಳಿದ ದುಡ್ಡನ್ನು ಒಂದು ಕವರಿನಲ್ಲಿ ಹಾಕಿ, ಮೇಲೆ 'ಬಸ್ ಚಾರ್ಜಿಗೆ' ಅಂತ ನಿಮ್ಮ ಕೈಯಲ್ಲೇ ಬರೆದು ಕೊಡಿ.

ನಮಸ್ಕಾರ.